ದೊಡ್ಡ ಕ್ಯಾಮ್ ಹಾಕಿದರೆ ಕಾರು ಜೋರಾಗಿ ಓಡುತ್ತದೆಯೇ?

ಪ್ರಶ್ನೆ: ನನ್ನ 350 ಕ್ಯೂಬಿಕ್ ಇಂಚಿನ ವಿ8 ಕಾರು ದಿನವೂ ರಸ್ತೆಯಲ್ಲಿ ಓಡುತ್ತದೆ, ಆಗಾಗ ಡ್ರ್ಯಾಗ್ ರೇಸಿಗೂ ಹೋಗುತ್ತದೆ. ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಒತ್ತುವ ಅನುಪಾತ) 9:1, ಆಟೊಮ್ಯಾಟಿಕ್ ಗೇರ್, ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಬದಲಾಯಿಸಿಲ್ಲ. ಎಷ್ಟು ದೊಡ್ಡ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಶಾಫ್ಟ್) ಹಾಕಲಿ?

ಉತ್ತರ: ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಡ್ಯುರೇಷನ್, ಅಂದರೆ ವಾಲ್ವ್ ತೆರೆದಿರುವ ಅವಧಿ (ಕ್ರ್ಯಾಂಕ್‌ಶಾಫ್ಟ್ ತಿರುಗುವ ಡಿಗ್ರಿಗಳಲ್ಲಿ), ಜಾಸ್ತಿಯಾದಷ್ಟೂ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಆಗ ಕಡಿಮೆ ಆರ್‌ಪಿಎಂನಲ್ಲಿ ಮೇಲೇರುವ ಪಿಸ್ಟನ್ ಒಳಬಂದ ಮಿಶ್ರಣವನ್ನು ಸ್ವಲ್ಪ ವಾಪಸ್ ತಳ್ಳಿಬಿಡುತ್ತದೆ, 9:1 ಎಂಜಿನ್‌ಗೆ ಈ ನಷ್ಟ ಸಿಗ್ನಲ್‌ನಿಂದ ಹೊರಡುವಾಗಲೇ ಗೊತ್ತಾಗುತ್ತದೆ. 0.050 ಇಂಚು ಲಿಫ್ಟ್‌ನಲ್ಲಿ (ಕ್ಯಾಮ್ ತನ್ನ ಟ್ಯಾಪೆಟ್ಟನ್ನು ಅಷ್ಟು ಎತ್ತಿದಾಗಿನಿಂದ) ಅಳೆದ ಡ್ಯುರೇಷನ್ ಮಾತ್ರ ನೋಡಿ. ಜಾಹೀರಾತಿನ ಅಂಕಿಯನ್ನು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ, ಹೋಲಿಸಿ ಪ್ರಯೋಜನವಿಲ್ಲ. ನಿಮಗೆ 215ರಿಂದ 220 ಡಿಗ್ರಿ ಸಾಕು. ಲೋಬ್ ಸೆಪರೇಷನ್ (ಕ್ಯಾಮ್‌ನ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ) 112 ಡಿಗ್ರಿ ಇರಲಿ, ಐಡಲ್ (ಕಾರು ನಿಂತಾಗಿನ ಎಂಜಿನ್ ಓಟ) ನೆಟ್ಟಗಿರುತ್ತದೆ, ಪವರ್ ಬ್ರೇಕ್‌ಗೆ ವ್ಯಾಕ್ಯೂಮ್ ಕೂಡ ಸಿಗುತ್ತದೆ. ಗುಡುಗುಡು ಸದ್ದಿಗಾಗಿ ಸುಮ್ನೆ 235 ಹಾಕಬೇಡಿ, ಅದಕ್ಕೆ ಹೆಚ್ಚು ಕಂಪ್ರೆಷನ್, ಹೆಚ್ಚು ಸ್ಟಾಲ್ ಇರುವ (ಕಾರು ಹೊರಡುವ ಮುಂಚೆ ಎಂಜಿನ್ ಹೆಚ್ಚು ಆರ್‌ಪಿಎಂಗೆ ಏರಲು ಬಿಡುವ) ಕನ್ವರ್ಟರ್, ಹಿಂದಿನ ಆಕ್ಸಲ್‌ನಲ್ಲಿ ಬೇರೆ ಗೇರ್ ಎಲ್ಲವೂ ಬೇಕು. ವಾಲ್ವ್ ಸ್ಪ್ರಿಂಗ್ ಹೊಸ ಕ್ಯಾಮ್‌ಗೆ ಹೊಂದುವಂಥದ್ದೇ ಇರಬೇಕು, ಹಳೆಯದನ್ನೇ ಉಳಿಸಲು ಹೋಗಬೇಡಿ.