ಪಿಜ್ಜಾಗೆ ಯಾವ ಊರು ಬೆಸ್ಟ್: ನೇಪಲ್ಸಾ, ನ್ಯೂಯಾರ್ಕಾ, ಶಿಕಾಗೊನಾ?

ನಿಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರು ನೇಪಲ್ಸ್ ಅಂತಾರೆ, ಒಬ್ಬರು ನ್ಯೂಯಾರ್ಕ್ ಅಂತಾರೆ, ಇನ್ನೊಬ್ಬರು ಶಿಕಾಗೊ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಯಾರ ಮಾತು ಸರಿ ಅಂತ ಕೇಳಿದ್ದೀರಿ. ಜೊತೆಗೆ, ನ್ಯೂಯಾರ್ಕ್ ಪಿಜ್ಜಾದ ರುಚಿಗೆ ಅಲ್ಲಿನ ನಲ್ಲಿ ನೀರೇ ಕಾರಣವಾ ಅಂತಲೂ ಕೇಳಿದ್ದೀರಿ.

ನನ್ನ ಉತ್ತರ ಇಟಲಿಯ ನೇಪಲ್ಸ್. ಎರಡನೇ ಸ್ಥಾನ ನ್ಯೂಯಾರ್ಕಿಗೆ, ಅಂತರ ಜಾಸ್ತಿ ಇಲ್ಲ. ಶಿಕಾಗೊ ಗೆಳೆಯರ ಬಗ್ಗೆ ಆಮೇಲೆ ಹೇಳುತ್ತೇನೆ. ಅವರ ಊರಿನ ಪರವಾಗಿ ಒಳ್ಳೆಯ ವಾದವೇ ಇದೆ, ಆದರೆ ಅವರು ಹಿಡಿದಿರುವ ಪಿಜ್ಜಾ ಅದಲ್ಲ ಅನ್ನಿಸುತ್ತದೆ.

ಮನೆಯಲ್ಲಿ ಹಿಟ್ಟು ನಾದಿ ಪಿಜ್ಜಾ ಸುಡುವ ಹುಚ್ಚು ನನಗೆ ಬಹಳ ಕಾಲದಿಂದ ಇದೆ. ಈ ಊರುಗಳಲ್ಲಿ ತಿಂದೂ ಇದ್ದೇನೆ. ಹಾಗಾಗಿ ಈ ವಾದ ಎಲ್ಲಿ ದಾರಿ ತಪ್ಪುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಎಲ್ಲರೂ ಊರಿನ ಬಗ್ಗೆ ಮಾತು ಶುರುಮಾಡಿ, ಒಂದೊಂದು ಹೆಸರಾಂತ ಅಂಗಡಿಯನ್ನು ತಂದು ನಿಲ್ಲಿಸುತ್ತಾರೆ. ಹಾಗೆ ಅಳೆದರೆ ವಿಚಿತ್ರವಾದ ಉತ್ತರಗಳು ಬರುತ್ತವೆ. ಇಟಲಿಯವರೇ ನಡೆಸುವ ‘50 ಟಾಪ್ ಪಿಜ್ಜಾ’ ಪಟ್ಟಿ ನೋಡಿ. 2024ರಲ್ಲಿ ಜಗತ್ತಿನ ಮೊದಲ ಸ್ಥಾನ ಸಿಕ್ಕಿದ್ದು ನ್ಯೂಯಾರ್ಕಿನ ಊನಾ ಪಿಜ್ಜಾ ನಾಪೊಲೆತಾನಾಗೆ. ಅಲ್ಲಿ ಆಂಥನಿ ಮಂಜಿಯೇರಿ ಮಾಡುವುದು ನೇಪಲ್ಸ್ ಪದ್ಧತಿಯ ಪಿಜ್ಜಾ! ಹಾಗಾದರೆ ಗೆದ್ದದ್ದು ಯಾವ ಊರು? ಇಟಲಿಯಲ್ಲೇ ಪಿಜ್ಜಾ ಹುಚ್ಚಿನವರು ನೇಪಲ್ಸ್ ದಾಟಿ ಕಸೆರ್ತಾ ಕಡೆಗೆ ಹೋಗುತ್ತಾರೆ. ಅದರ ಹತ್ತಿರದ ಕಯಾತ್ಸೊ ಅನ್ನುವ ಪುಟ್ಟ ಊರಿನಲ್ಲಿ ಫ್ರಾಂಕೊ ಪೆಪೆ 2012ರಲ್ಲಿ ತೆರೆದ ಪಿಜ್ಜೇರಿಯಾಗೆ ಹೊರದೇಶದಿಂದ ಜನ ಬರುತ್ತಾರೆ. ಆದರೂ ಕಯಾತ್ಸೊವನ್ನು ಜಗತ್ತಿನ ಪಿಜ್ಜಾ ರಾಜಧಾನಿ ಅಂತ ಯಾರೂ ಕರೆಯುವುದಿಲ್ಲ, ಅಲ್ವಾ?

ಅದಕ್ಕೇ ನಾನು ಊರನ್ನು ಅಳೆಯುವುದು ಅದರ ಮಾಮೂಲಿ ಅಂಗಡಿಯಿಂದ. ಯಾವ ಪಟ್ಟಿಯಲ್ಲೂ ಇಲ್ಲದ, ರೈಲ್ವೆ ಸ್ಟೇಷನ್ ಹತ್ತಿರದ ಒಂದು ಜಾಗಕ್ಕೆ ಹಸಿದು ಸುಮ್ನೆ ನುಗ್ಗಿ. ಅಲ್ಲಿ ಏನು ಸಿಗುತ್ತದೆ? ನೇಪಲ್ಸ್‌ನಲ್ಲಿ ಸಿಗುವುದು ಒಳ್ಳೆಯ ಪಿಜ್ಜಾ. ಬಹುಪಾಲು ಸಲ, ಯಾವ ಹುಡುಕಾಟವೂ ಇಲ್ಲದೆ.

ಅದಕ್ಕೆ ಕಾರಣ ಅಲ್ಲಿ ಈ ಕಸುಬು ಬೆಳೆದಿರುವ ರೀತಿ. ಹಿಟ್ಟು, ನೀರು, ಉಪ್ಪು, ಯೀಸ್ಟ್. ಕಣಕಕ್ಕೆ ಇಷ್ಟೇ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಗಂಟೆಗಟ್ಟಲೆ ಹುದುಗಲು ಬಿಡುತ್ತಾರೆ. ಲಟ್ಟಣಿಗೆ ಮುಟ್ಟುವುದಿಲ್ಲ, ಬೆರಳುಗಳಿಂದ ಮಧ್ಯದ ಗಾಳಿಯನ್ನು ಅಂಚಿಗೆ ತಳ್ಳುತ್ತಾ ಅಗಲ ಮಾಡುತ್ತಾರೆ. ಆಮೇಲೆ ಅದು ಹೋಗುವುದು ಸುಮಾರು 485 ಡಿಗ್ರಿ ಸೆಲ್ಸಿಯಸ್‌ನ ಸೌದೆ ಒಲೆಗೆ. ಒಳಗಿರುವುದು 60ರಿಂದ 90 ಸೆಕೆಂಡು ಮಾತ್ರ. ಅಂಚಿಗೆ ತಳ್ಳಿದ ಗಾಳಿ ಆ ಬಿಸಿಗೆ ಒಮ್ಮೆಲೇ ಉಬ್ಬುತ್ತದೆ. ಪಿಜ್ಜಾ ಮಾಡುವವನು, ಅಲ್ಲಿ ಅವನನ್ನು ಪಿಜ್ಜಾಯೊಲೊ ಅಂತಾರೆ, ಉದ್ದ ಹಿಡಿಯ ಸಣ್ಣ ಸಟ್ಟುಗದಿಂದ ಅದನ್ನು ತಿರುಗಿಸುತ್ತಲೇ ಇರುತ್ತಾನೆ. ಕೊನೆಗೆ ಒಂದೆರಡು ಕ್ಷಣ ಒಲೆಯ ಗುಮ್ಮಟದ ಹತ್ತಿರ ಎತ್ತಿ ಹಿಡಿಯುತ್ತಾನೆ. ಕಣ್ಣು ಬೇರೆ ಕಡೆ ಹೋದರೆ ಪಿಜ್ಜಾ ಕರಕಲು. ಈ ಕೈಚಳಕವನ್ನೇ ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಿ, ಸೇರಿಸಿದ್ದು ತಿಂಡಿಯನ್ನಲ್ಲ, ಅದನ್ನು ಮಾಡುವವರ ಕಲೆಯನ್ನು.

ತಟ್ಟೆಗೆ ಬಂದಾಗ ಅದರ ಅಂಚಿನಲ್ಲಿ ಕಪ್ಪು ಚುಕ್ಕೆಗಳಿರುತ್ತವೆ. ಒಳಗೆ ಪೊಳ್ಳು, ಮುರಿದರೆ ಹಬೆ ಹಾರುತ್ತದೆ. ಮಧ್ಯದಲ್ಲಿ ಮಾತ್ರ ಒದ್ದೆ. ಟೊಮ್ಯಾಟೊ ರಸ, ಚೀಸಿನ ಹಾಲು, ಎಣ್ಣೆ ಎಲ್ಲ ಸೇರಿ ನಡುವೆ ನಿಂತಿರುತ್ತದೆ. ಮೊದಲ ಸಲ ತಿನ್ನುವವರು ಇದು ಬೆಂದಿಲ್ಲ ಅಂದುಕೊಳ್ಳುತ್ತಾರೆ. ಬೆಂದಿರುತ್ತದೆ. ಒಂದೂವರೆ ನಿಮಿಷದಲ್ಲಿ ನೀರು ಆರಿಹೋಗಲು ಸಮಯ ಸಿಕ್ಕಿರುವುದಿಲ್ಲ, ಅಷ್ಟೇ. ಆ ತೇವ ಇರುವುದಕ್ಕೇ ಟೊಮ್ಯಾಟೊ ಆಗತಾನೇ ಹಿಚುಕಿದ ಹಾಗೆ ರುಚಿಸುತ್ತದೆ. ಇದನ್ನು ಬಿಸಿ ಇರುವಾಗಲೇ ತಿಂದು ಮುಗಿಸಬೇಕು. ಆರಿದರೆ ಕಣಕ ಚರ್ಮದ ಹಾಗೆ ಗಟ್ಟಿಯಾಗುತ್ತದೆ. ಪಾರ್ಸೆಲ್ ತೆಗೆದುಕೊಂಡು ಹೋಗಿ ನೇಪಲ್ಸ್ ಪಿಜ್ಜಾ ಚೆನ್ನಾಗಿಲ್ಲ ಅನ್ನುವವರ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚರಿತ್ರೆಯ ವಾದವನ್ನು ಮಾತ್ರ ನಿಮ್ಮ ನೇಪಲ್ಸ್ ಗೆಳೆಯರು ಬಿಟ್ಟುಬಿಡಲಿ. 1889ರಲ್ಲಿ ಇಟಲಿಯ ರಾಣಿ ಮಾರ್ಗರೀಟಾಗೆ ನೇಪಲ್ಸ್‌ನ ಪಿಜ್ಜಾಯೊಲೊ ರಫಾಯೆಲೆ ಎಸ್ಪೊಸಿತೊ ಮಾಡಿಕೊಟ್ಟ ಪಿಜ್ಜಾದ ಕಥೆ ಚೆನ್ನಾಗಿದೆ, ಆದರೆ ಇತಿಹಾಸಕಾರರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮೊದಲು ಮಾಡಿದವರು ಈಗಲೂ ಚೆನ್ನಾಗಿ ಮಾಡುತ್ತಾರೆ ಅಂತೇನೂ ಇಲ್ಲ. ನೇಪಲ್ಸ್ ಗೆಲ್ಲುವುದು ಇವತ್ತಿನ ಒಲೆಯಿಂದ.

ಈಗ ನ್ಯೂಯಾರ್ಕ್. ಲೊಂಬಾರ್ಡಿಸ್ 1905ರಲ್ಲಿ ಶುರುವಾಯಿತು ಅನ್ನುವುದು ಪ್ರಚಲಿತ ಲೆಕ್ಕ. ಕೋನಿ ಐಲೆಂಡಿನ ಟೊಟೊನೋಸ್ 1924, ಬ್ಲೀಕರ್ ಬೀದಿಯ ಜಾನ್ಸ್ 1929. ಇವೆಲ್ಲ ಕಲ್ಲಿದ್ದಲ ಒಲೆಯ ಅಂಗಡಿಗಳು, ಇಡೀ ಪಿಜ್ಜಾಕ್ಕೆ ಹೆಸರಾದವು. ಆದರೆ ನ್ಯೂಯಾರ್ಕನ್ನು ಪಿಜ್ಜಾ ಊರು ಮಾಡಿದ್ದು ಇವಲ್ಲ. ಮಾಡಿದ್ದು ಗ್ಯಾಸ್ ಓವನ್ ಮತ್ತು ಸ್ಲೈಸ್, ಅಂದರೆ ಬಿಡಿಯಾಗಿ ಮಾರುವ ತುಂಡು. ಗ್ಯಾಸ್ ಓವನ್ ಬಂದ ಮೇಲೆ ಎಷ್ಟು ಸಣ್ಣ ಜಾಗದಲ್ಲಿ ಬೇಕಾದರೂ ಅಂಗಡಿ ಹಾಕಬಹುದಾಯಿತು. ಬಿಸಿ ನೇಪಲ್ಸ್‌ಗಿಂತ ಎಷ್ಟೋ ಕಡಿಮೆ, ಬೇಯುವ ಹೊತ್ತು ಎಷ್ಟೋ ಜಾಸ್ತಿ. ಹಾಗಾಗಿ ಕಣಕಕ್ಕೆ ಸ್ವಲ್ಪ ಎಣ್ಣೆ, ಎಷ್ಟೋ ಕಡೆ ಸ್ವಲ್ಪ ಸಕ್ಕರೆ ಸೇರಿತು. ಹಸಿ ಮೊಝರೆಲ್ಲಾ ಚೀಸ್ ಅಷ್ಟು ಹೊತ್ತು ಒಳಗಿದ್ದರೆ ನೀರು ಬಿಡುತ್ತದೆ, ಅದಕ್ಕೆ ತೇವ ಕಡಿಮೆ ಇರುವ ಮೊಝರೆಲ್ಲಾ ಬಂತು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹುಟ್ಟಿದ ಪಿಜ್ಜಾ ಇದು.

ಕೌಂಟರಿನ ಹಿಂದೆ ದೊಡ್ಡ ಪಿಜ್ಜಾಗಳು ಸಾಲಾಗಿ ಕೂತಿರುತ್ತವೆ. ನೀವು ಒಂದು ಸ್ಲೈಸ್ ಕೇಳಿದರೆ ಅದನ್ನು ಮತ್ತೆ ಓವನ್ನಿಗೆ ತಳ್ಳುತ್ತಾರೆ. ಇದನ್ನು ತಂಗಳು ಬಿಸಿ ಮಾಡಿದ್ದು ಅಂದುಕೊಳ್ಳಬೇಡಿ. ಎರಡನೇ ಬಿಸಿಗೆ ತಳ ಇನ್ನಷ್ಟು ಗರಿಗರಿಯಾಗುತ್ತದೆ. ಕಾಗದದ ತಟ್ಟೆಯ ಮೇಲೆ ಬಂದ ಸ್ಲೈಸನ್ನು ಅಂಚಿನಿಂದ ಉದ್ದಕ್ಕೆ ಮಡಚುತ್ತೀರಿ. ತಳ ಸಣ್ಣಗೆ ಚಟ್ ಅನ್ನುತ್ತದೆ, ಆದರೆ ಮುರಿಯುವುದಿಲ್ಲ. ಕಿತ್ತಳೆ ಬಣ್ಣದ ಎಣ್ಣೆ ಮಡಿಕೆಯ ಗುಂಟ ಇಳಿದು ತುದಿಯಿಂದ ತೊಟ್ಟಿಕ್ಕುತ್ತದೆ. ನಿಂತುಕೊಂಡೇ ತಿನ್ನುವುದು. ಕಾರ್ಮೈನ್ ಬೀದಿಯಲ್ಲಿ 1975ರಲ್ಲಿ ಶುರುವಾದ ಜೋಸ್ ಪಿಜ್ಜಾದ ಸಾದಾ ಸ್ಲೈಸ್ ತಿಂದರೆ ಇದು ಎಷ್ಟು ಅಚ್ಚುಕಟ್ಟಾದ ತಿಂಡಿ ಅಂತ ತಿಳಿಯುತ್ತದೆ.

ಬ್ರೂಕ್ಲಿನ್ನಿನ ಡಿ ಫಾರಾ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡಾಮ್ ಡಿಮಾರ್ಕೊ 1965ರಲ್ಲಿ ಅದನ್ನು ತೆರೆದರು, ದಶಕಗಳ ಕಾಲ ತಾವೇ ನಿಂತು ಪಿಜ್ಜಾ ಮಾಡಿದರು. ಓವನ್ನಿನಿಂದ ಬರಿಗೈಯಲ್ಲೇ ಎಳೆಯುವುದು, ಮೇಲೆ ಕತ್ತರಿ ಹಿಡಿದು ಬೇಸಿಲ್ ಎಲೆ ಕತ್ತರಿಸಿ ಉದುರಿಸುವುದು. ಜನ ಎಷ್ಟೇ ಕಾದಿದ್ದರೂ ಅವರ ಕೈ ಅವಸರ ಮಾಡುತ್ತಿರಲಿಲ್ಲ. 2022ರಲ್ಲಿ ತೀರಿಕೊಂಡರು. ಕಸುಬಿನ ಮೇಲಿನ ಅಂಥ ಪ್ರೀತಿ ಕಂಡಾಗ ನನಗೆ ಊರುಗಳ ಪೈಪೋಟಿಯೇ ಮರೆತುಹೋಗುತ್ತದೆ.

ಆದರೂ ನ್ಯೂಯಾರ್ಕ್ ಎರಡನೇ ಸ್ಥಾನದಲ್ಲೇ ಇರುತ್ತದೆ. ಅಲ್ಲಿ ಮಾಮೂಲಿ ಅಂಗಡಿಗಳಲ್ಲಿ ಏರುಪೇರು ಜಾಸ್ತಿ. ಒಂದು ಬೀದಿಯಲ್ಲಿ ಅದ್ಭುತ, ಮುಂದಿನ ಬೀದಿಯಲ್ಲಿ ಸಿಹಿ ಸಾಸ್ ಸುರಿದ ರಟ್ಟು. ಎಲ್ಲಿ ತಿನ್ನಬೇಕು ಅಂತ ತಿಳಿದವರನ್ನು ಕೇಳಿಕೊಂಡು ಹೋಗಬೇಕು.

ನೀರಿನ ವಿಷಯ. ನ್ಯೂಯಾರ್ಕಿಗೆ ನೀರು ಬಹುಪಾಲು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನ ಪ್ರದೇಶಗಳಿಂದ ಬರುತ್ತದೆ. ಅದು ಮೆದು ನೀರು, ಖನಿಜ ಕಡಿಮೆ. ಗಡಸು ನೀರಿನಲ್ಲಿ ನಾದಿದ ಕಣಕ ಸ್ವಲ್ಪ ಬಿಗಿಯಾಗುತ್ತದೆ ಅನ್ನುವುದು ನಿಜ. ಆದರೆ ಹಿಟ್ಟಿನ ಜಾತಿ, ಹುದುಗಿದ ಹೊತ್ತು, ಓವನ್ನಿನ ಬಿಸಿ ಈ ಮೂರರ ಮುಂದೆ ನೀರಿನ ಪಾಲು ತುಂಬಾ ಸಣ್ಣದು. ನೀರೇ ಕಾರಣ ಆಗಿದ್ದರೆ ಒಂದೇ ನಲ್ಲಿಯ ನೀರು ಬಳಸುವ ಎರಡು ಅಂಗಡಿಗಳಲ್ಲಿ ಅಷ್ಟೊಂದು ವ್ಯತ್ಯಾಸ ಇರುತ್ತಿರಲಿಲ್ಲ. ಕಣಕವನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ಮರುದಿನ ಸುಟ್ಟು ನೋಡಿ. ನೀರು ಬದಲಿಸದೆ ರುಚಿ ಎಷ್ಟು ಬದಲಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಶಿಕಾಗೊ ಅಂದಕೂಡಲೇ ಎಲ್ಲರ ಬಾಯಲ್ಲಿ ಡೀಪ್ ಡಿಶ್. ಅದು 1943ರಲ್ಲಿ ಪಿಜ್ಜೇರಿಯಾ ಊನೊದಲ್ಲಿ ಶುರುವಾದದ್ದು. ಆಳವಾದ ಬಾಣಲೆಯಲ್ಲಿ ಎಣ್ಣೆ ಜಿಡ್ಡಿನ ದಪ್ಪ ಕಣಕ, ಅದರ ಮೇಲೆ ಚೀಸ್, ಎಲ್ಲಕ್ಕಿಂತ ಮೇಲೆ ಟೊಮ್ಯಾಟೊ. ಅರ್ಧ ಗಂಟೆಗೂ ಮೇಲೆ ಬೇಯಬೇಕು, ಅಷ್ಟು ಹೊತ್ತು ಚೀಸ್ ಮೇಲಿದ್ದರೆ ಸೀದುಹೋಗುತ್ತದೆ. ಹಾಗಾಗಿ ಈ ತಲೆಕೆಳಗು ಜೋಡಣೆ. ಚಳಿಗಾಲದ ರಾತ್ರಿ ಒಂದು ತುಂಡು ಚೆನ್ನಾಗಿರುತ್ತದೆ. ಆದರೆ ಅದರಲ್ಲಿ ಕಣಕಕ್ಕೆ ಮಾತಾಡಲು ಜಾಗವೇ ಇಲ್ಲ, ತುಂಬಿದ್ದನ್ನು ಹೊತ್ತುಕೊಂಡಿರುವುದಷ್ಟೇ ಅದರ ಕೆಲಸ. ನಾನು ಪಿಜ್ಜಾ ಅಂದರೆ ಮೊದಲು ನೋಡುವುದು ಕಣಕವನ್ನು. ಶಿಕಾಗೊದ ನಿಜವಾದ ಬಲ ಇರುವುದು ಟ್ಯಾವರ್ನ್ ಪಿಜ್ಜಾದಲ್ಲಿ. ಕಾಗದದಷ್ಟು ತೆಳು, ಅಂಚಿನವರೆಗೂ ಚೀಸ್, ಚೌಕ ಚೌಕವಾಗಿ ಕತ್ತರಿಸಿ ಕೊಡುತ್ತಾರೆ. ಬಾರುಗಳಲ್ಲಿ ಬಿಯರ್ ಜೊತೆ ಬೆಳೆದ ಪಿಜ್ಜಾ. ಆ ಊರಿನವರು ವಾರದ ದಿನಗಳಲ್ಲಿ ತರಿಸಿಕೊಳ್ಳುವುದು ಹೆಚ್ಚಾಗಿ ಇದನ್ನೇ.

ನಿಮ್ಮ ಪಟ್ಟಿಯಲ್ಲಿ ನ್ಯೂ ಹೇವನ್ ಇಲ್ಲದಿರುವುದು ನನಗೆ ಬೇಜಾರು. ಕನೆಕ್ಟಿಕಟ್ಟಿನ ಈ ಸಣ್ಣ ಊರಿನಲ್ಲಿ ಫ್ರಾಂಕ್ ಪೆಪೆ (ಕಯಾತ್ಸೊದ ಫ್ರಾಂಕೊ ಪೆಪೆ ಬೇರೆ) 1925ರಲ್ಲಿ ಅಂಗಡಿ ತೆರೆದರು. ಅವರ ಸೋದರಳಿಯನ ಅಂಗಡಿ ಸ್ಯಾಲೀಸ್ 1938ರದ್ದು, ಅದೇ ವೂಸ್ಟರ್ ಬೀದಿಯಲ್ಲಿ. ಮಾಡರ್ನ್ 1934ರದ್ದು. ಈ ಊರಿನಲ್ಲಿ ಒಲೆಯ ಕಡು ಬಿಸಿಗೆ ತಳ ಕಪ್ಪಾಗಿರುತ್ತದೆ, ಕೈಗೆ ಮಸಿ ಹತ್ತುತ್ತದೆ. ಆಕಾರ ದುಂಡಗೂ ಇಲ್ಲ, ಉದ್ದಕ್ಕೂ ಇಲ್ಲ. ಸಾದಾ ಪಿಜ್ಜಾ ಕೇಳಿದರೆ ಮೊಝರೆಲ್ಲಾ ಇರುವುದಿಲ್ಲ, ಟೊಮ್ಯಾಟೊ ಮೇಲೆ ಒಂದಿಷ್ಟು ತುರಿದ ಗಟ್ಟಿ ಚೀಸ್ ಮಾತ್ರ. ಮೊಝರೆಲ್ಲಾ ಬೇಕಿದ್ದರೆ ಕೇಳಿ ಹಾಕಿಸಿಕೊಳ್ಳಬೇಕು. ಪೆಪೆಯಲ್ಲಿ ಸಮುದ್ರದ ಕ್ಲ್ಯಾಮ್ ಚಿಪ್ಪುಮಾಂಸ, ಬೆಳ್ಳುಳ್ಳಿ, ಒರಿಗಾನೊ ಹಾಕಿದ ಬಿಳಿ ಪಿಜ್ಜಾ ಇದೆ. ಅಮೆರಿಕದಲ್ಲಿ ಒಂದೇ ಒಂದು ಪಿಜ್ಜಾ ತಿನ್ನಲು ಅವಕಾಶ ಅಂದರೆ ನಾನು ಅದನ್ನೇ ಕೇಳುತ್ತೇನೆ. ಆದರೆ ನನ್ನ ಅಳತೆಗೋಲಿನಲ್ಲಿ ಊರು ಹಿಂದೆ ಬೀಳುತ್ತದೆ, ಯಾಕಂದ್ರೆ ಅದರ ಹೆಸರು ನಿಂತಿರುವುದು ಬೆರಳೆಣಿಕೆಯ ಅಂಗಡಿಗಳ ಮೇಲೆ.

ಉಳಿದ ಊರುಗಳನ್ನು ಬೇಗ ಮುಗಿಸುತ್ತೇನೆ. ಡೆಟ್ರಾಯಿಟ್‌ನಲ್ಲಿ ಕಾರು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಉಕ್ಕಿನ ತಟ್ಟೆಯಲ್ಲೇ ಪಿಜ್ಜಾ ಸುಡಲು ಶುರುಮಾಡಿದರು. 1946ರಲ್ಲಿ ಬಡ್ಡೀಸ್‌ನಲ್ಲಿ ಹುಟ್ಟಿದ್ದು. ಅಂಚಿಗೆ ಅಂಟಿ ಕಂದಾಗಿ ಸುಟ್ಟ ಚೀಸೇ ಅದರ ಪ್ರಾಣ. ಬ್ಯೂನಸ್ ಐರಿಸ್‌ನಲ್ಲಿ ಒಳಗೆ ಚೀಸ್ ತುಂಬಿ ಮೇಲೆ ಈರುಳ್ಳಿ ಹಾಕಿದ ಫುಗಸೆಟಾ, ಜೊತೆಗೆ ಕಡಲೆ ಹಿಟ್ಟಿನ ಫೈನಾ. ಎರಡೂ ಜಿನೋವಾದಿಂದ ವಲಸೆ ಬಂದವರ ಕೊಡುಗೆ. ಸಾವೊ ಪೌಲೊದಲ್ಲಿ ಭಾನುವಾರ ರಾತ್ರಿ ಇಡೀ ಮನೆಯವರು ಪಿಜ್ಜೇರಿಯಾದಲ್ಲಿ ಕೂರುತ್ತಾರೆ, ಜುಲೈ 10 ಅಲ್ಲಿ ಪಿಜ್ಜಾ ದಿನ. ರೋಮ್‌ನಲ್ಲಿ ತೂಕದ ಲೆಕ್ಕದಲ್ಲಿ ಕತ್ತರಿಸಿ ಮಾರುತ್ತಾರೆ, ಗಬ್ರಿಯೆಲೆ ಬೊಂಚಿಯ ಪಿತ್ಸಾರಿಯುಮ್‌ಗೆ ಹೋಗಲೇಬೇಕು. ಟೋಕಿಯೊದವರು ನೇಪಲ್ಸ್ ವಿದ್ಯೆಯನ್ನೇ ಕಲಿತು ಅಸಾಧಾರಣ ಶ್ರದ್ಧೆಯಿಂದ ಮಾಡುತ್ತಾರೆ, ಒಲೆಯ ನೆಲಕ್ಕೆ ಉಪ್ಪು ಎರಚಿ ಅದರ ಮೇಲೆ ಸುಡುವವರೂ ಇದ್ದಾರೆ.

ಎಲ್ಲ ಅವರವರ ನಾಲಿಗೆಗೆ ಬಿಟ್ಟದ್ದು ಅಂತ ಯಾರಾದರೂ ವಾದ ಮುಗಿಸಲು ಬಂದರೆ ಒಪ್ಪಬೇಡಿ. ಕಣಕ ಚೆನ್ನಾಗಿ ಹುದುಗಿದೆಯಾ ಇಲ್ಲವಾ ಅನ್ನುವುದನ್ನು ಪರೀಕ್ಷೆ ಮಾಡಿ ನೋಡಬಹುದು. ಯಾವ ಊರಿಗೆ ಹೋದರೂ ಅಲ್ಲಿನ ಅತಿ ಸಾದಾ ಪಿಜ್ಜಾ ಕೇಳಿ. ನೇಪಲ್ಸ್‌ನಲ್ಲಾದರೆ ಮರಿನಾರಾ: ಟೊಮ್ಯಾಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ, ಚೀಸೇ ಇಲ್ಲ. ತಪ್ಪು ಮುಚ್ಚಿಡಲು ಅದರಲ್ಲಿ ಏನೂ ಇರುವುದಿಲ್ಲ. ಎತ್ತಿ ತಳ ನೋಡಿ, ಬಿಳಿಚಿಕೊಂಡಿದ್ದರೆ ಒಲೆ ಕಾದಿರಲಿಲ್ಲ ಅಂತ ಅರ್ಥ. ಆಮೇಲೆ ಬರೀ ಅಂಚನ್ನು ಮುರಿದು ತಿನ್ನಿ. ಅದಕ್ಕೇ ರುಚಿ ಇದ್ದರೆ, ತಿಂದಮೇಲೆ ಹೊಟ್ಟೆ ಕಲ್ಲಿನಂತೆ ಭಾರ ಆಗದಿದ್ದರೆ, ಆ ಅಂಗಡಿಯವರಿಗೆ ಕೆಲಸ ಗೊತ್ತಿದೆ.

ನಿಮ್ಮ ಶಿಕಾಗೊ ಗೆಳೆಯರಿಗೂ ಇದನ್ನೇ ಹೇಳಿ. ಮುಂದಿನ ಸಲ ಅಲ್ಲಿಗೆ ಹೋದಾಗ ಊರಿನ ದಕ್ಷಿಣ ಭಾಗದ ವೀಟೊ ಅಂಡ್ ನಿಕ್ಸ್‌ನಲ್ಲಿ ಸಾಸೇಜ್ ಹಾಕಿದ ತೆಳು ಪಿಜ್ಜಾ ತಿನ್ನಲಿ. ತಿಂದಮೇಲೂ ಡೀಪ್ ಡಿಶ್ಶೇ ಮೇಲು ಅಂದರೆ ಇಲ್ಲಿ ಬಂದು ಬರೆಯಲಿ, ನಾನು ವಾದಕ್ಕೆ ತಯಾರಿದ್ದೇನೆ.