ಕಡಲಡಿಯ ಕೇಬಲ್‌ಗೆ ಯಜಮಾನ ಯಾರು?

ಪ್ರಶ್ನೆ: ಮಗ ಲಂಡನ್‌ನಲ್ಲಿದ್ದಾನೆ. ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾಗಿ ಇಂಟರ್‌ನೆಟ್ ನಿಧಾನವಾಗಿದೆ ಎಂದು ಒಮ್ಮೆ ಸುದ್ದಿಯಲ್ಲಿ ಬಂದಿತ್ತು. ಇಂಟರ್‌ನೆಟ್ ಉಪಗ್ರಹದಿಂದ ಬರುವುದಲ್ವಾ? ಈ ಕೇಬಲ್ ಯಾರ ಕೈಯಲ್ಲಿದೆ?
– ಓದುಗರು, ಮಲ್ಪೆ

ಉತ್ತರ: ಉಪಗ್ರಹದ ಪಾಲು ತೀರಾ ಸಣ್ಣದು. ಖಂಡದಿಂದ ಖಂಡಕ್ಕೆ ಹೋಗುವ ಡೇಟಾದಲ್ಲಿ ಶೇ. 95ಕ್ಕಿಂತ ಜಾಸ್ತಿ ಓಡುವುದು ಕಡಲಡಿಯ ಕೇಬಲ್‌ನಲ್ಲೇ. ಆಳ ನೀರಿನಲ್ಲಿ ಅದು ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ. ಒಳಗೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳು. ದಡದ ಹತ್ತಿರ ಮಾತ್ರ ಉಕ್ಕಿನ ತಂತಿ ಸುತ್ತಿ ಹೂಳುತ್ತಾರೆ. ಯಾಕೆ ಅಂತ ಮಲ್ಪೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇಬಲ್ ಕೆಡುವುದು ಹೆಚ್ಚಾಗಿ ಮೀನಿನ ಬಲೆ ಮತ್ತು ಲಂಗರಿನಿಂದ. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದ ಮೂರು ಕೇಬಲ್ ತುಂಡಾದದ್ದೂ ಕ್ಷಿಪಣಿ ಬಿದ್ದ ಹಡಗೊಂದು ಲಂಗರು ಎಳೆದುಕೊಂಡು ತೇಲಿದ್ದರಿಂದ ಎಂದೇ ಹೆಚ್ಚಿನವರ ಅಂದಾಜು.

ನಾವು ಕಡಲ ದಡದಲ್ಲೇ ಇದ್ದರೂ ನಿಮ್ಮ ಕರೆ ಮಲ್ಪೆಯಲ್ಲಿ ನೀರಿಗಿಳಿಯುವುದಿಲ್ಲ. ನೆಲದ ಮೇಲೆ ಮುಂಬೈಗೋ ಚೆನ್ನೈಗೋ ಹೋಗಿ ಅಲ್ಲಿ ಕಡಲು ಸೇರುತ್ತದೆ. ಲಕ್ಷದ್ವೀಪಕ್ಕೆ ಸಾಮಾನು ಮಂಗಳೂರಿನ ಹಳೆ ಬಂದರಿನಿಂದ ಹೋಗುತ್ತದೆ, ಆದರೆ ಅವರಿಗೆ ಕೇಬಲ್ ಹೋದದ್ದು ಕೊಚ್ಚಿಯಿಂದ!

ಯಜಮಾನ ಒಬ್ಬನಲ್ಲ. ಮೊದಲೆಲ್ಲ ನಾಲ್ಕಾರು ದೇಶಗಳ ಟೆಲಿಫೋನ್ ಕಂಪನಿಗಳು ದುಡ್ಡು ಕೂಡಿಸಿ ಕೇಬಲ್ ಹಾಕುತ್ತಿದ್ದವು. ಈಗ ಗೂಗಲ್, ಫೇಸ್‌ಬುಕ್ ನಡೆಸುವ ಮೆಟಾ ತಾವೇ ಹಾಕಿಸುತ್ತವೆ. ವಿಡಿಯೋವೂ ಅವರದ್ದೇ, ಅದು ಬರುವ ದಾರಿಯೂ ಅವರದ್ದೇ. ನನಗೆ ಕಸಿವಿಸಿ ಆಗುವುದು ಇಲ್ಲಿ. ದಾರಿ ಹೀಗೆ ಕೆಲವು ಕಂಪನಿಗಳ ಕೈ ಸೇರುತ್ತಿದ್ದರೆ, ವೆಬ್ ವಿಳಾಸಗಳ ಮೂಲ ಪಟ್ಟಿ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಮಾತ್ರ 2016ರಲ್ಲಿ ಅಮೆರಿಕ ಸರ್ಕಾರದ ಉಸ್ತುವಾರಿಯಿಂದ ಹೊರಬಂತು.

ಇನ್ನು ಯಾವ ಡೇಟಾ ಯಾವ ದಾರಿ ಹಿಡಿಯಬೇಕು ಎಂಬುದು ಬಹುಪಾಲು ಕಂಪನಿಗಳ ನಡುವಿನ ನಂಬಿಕೆಯ ವ್ಯವಹಾರ. 2008ರಲ್ಲಿ ಪಾಕಿಸ್ತಾನ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಯಿತು. ಅಲ್ಲಿನ ಕಂಪನಿಯ 'ಯೂಟ್ಯೂಬಿಗೆ ಈ ಕಡೆ ಬನ್ನಿ' ಎಂಬ ಸುಳ್ಳು ದಾರಿ ಹೊರಗೂ ಸೋರಿತು. ಉಳಿದವರು ನಂಬಿದರು. ಎರಡು ಗಂಟೆ ಹೊತ್ತು ಜಗತ್ತಿನ ಬಹುಪಾಲು ಕಡೆ ಯೂಟ್ಯೂಬ್ ಸಿಗಲಿಲ್ಲ.

ಕೇಬಲ್ ತುಂಡಾದರೂ ಮಗನ ಕರೆ ಪೂರ್ತಿ ನಿಲ್ಲುವುದು ಕಡಿಮೆ. ಡೇಟಾ ಸುತ್ತುದಾರಿ ಹಿಡಿಯುತ್ತದೆ, ಅಲ್ಲಿ ನೂಕುನುಗ್ಗಲಾಗುತ್ತದೆ. ನೋಡುವ ಆಸೆ ಇದ್ದರೆ ಕಂಪ್ಯೂಟರಿನಲ್ಲಿ ಡೇಟಾ ಹೋಗುವ ದಾರಿ ತೋರಿಸುವ 'ಟ್ರೇಸ್‌ರೂಟ್' ಓಡಿಸಿ, ಲಂಡನ್ನಿನ ಯಾವುದಾದರೂ ಕಾಲೇಜಿನ ವೆಬ್ ವಿಳಾಸ ಕೊಡಿ. ದಾರಿಯ ನಿಲ್ದಾಣಗಳು ಸಾಲಾಗಿ ಬರುತ್ತವೆ. ಹೋಗಿ ಬರಲು ಹಿಡಿದ ಸಮಯ ಒಮ್ಮೆಲೇ ನೂರು ಮಿಲಿಸೆಕೆಂಡಿನಷ್ಟು ಹಾರಿತು ಅಂದರೆ, ಬಹುಶಃ ಅಲ್ಲೇ ನಿಮ್ಮ ಡೇಟಾ ಕಡಲು ದಾಟಿದ್ದು.