ಗ್ಯಾರೇಜ್ ಪ್ರಶ್ನೋತ್ತರ: ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಎಂಜಿನ್ ಬೇಕೆ?

ಪ್ರಶ್ನೆ: ನಮ್ಮ ತಂದೆಯವರು ಎಂಬತ್ತರ ದಶಕದಲ್ಲಿ ಕೊಡಗಿನ ಕಾಫಿ ತೋಟದ ಮಾಲೀಕರೊಬ್ಬರಿಂದ ಕೊಂಡ 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರು ಹನ್ನೆರಡು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಅದನ್ನು ರಸ್ತೆಗಿಳಿಸಿದ್ದೇನೆ. ಸ್ಟಿಯರಿಂಗ್ ಬಹಳ ಬಿಗಿಯಾಗಿದೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ತಿರುವುಗಳಲ್ಲಿ ಕಾರಿನ ಹಿಂಭಾಗ ಎದ್ದು ಜಾರಿದಂತಾಗುತ್ತದೆ. ಮೂಲ ಎಂಜಿನ್ ತೆಗೆದು ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ ಕೂರಿಸಿದರೆ ತಲೆನೋವೇ ಇರುವುದಿಲ್ಲ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ತಮ್ಮ ಸಲಹೆಯೇನು?
– ಓದುಗರೊಬ್ಬರು, ಸರಸ್ವತೀಪುರಂ, ಮೈಸೂರು

ಉತ್ತರ: ನೀವು ಬರೆದಿರುವ ದೂರುಗಳು ಎರಡು; ಅವೆರಡರಲ್ಲಿ ಒಂದೂ ಎಂಜಿನ್ನಿಗೆ ಸಂಬಂಧಿಸಿದ್ದಲ್ಲ. ನಿಮ್ಮ ಕಾರಿನ ಎಂಜಿನ್ 1,296 ಸಿಸಿ, ಜಿಪ್ಸಿಯದು 1,298 ಸಿಸಿ. ಎರಡು ಸಿಸಿ ಹೆಚ್ಚಿಸಿಕೊಳ್ಳಲು ಎಂಜಿನ್ ಮೌಂಟ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವನ್ನೂ ಕತ್ತರಿಸಿ ಬೆಸುಗೆ ಹಾಕಿದ ಮೇಲೂ ಸ್ಟಿಯರಿಂಗ್ ಬಿಗಿಯಾಗಿಯೇ ಇರುತ್ತದೆ, ಹಿಂಭಾಗ ಜಾರುತ್ತಲೇ ಇರುತ್ತದೆ.

ಸ್ಟಿಯರಿಂಗ್ ವಿಷಯವನ್ನು ಇಂದೇ ಗಮನಿಸಿ. ಈ ಕಾರಿನ ಮುಂದಿನ ಎರಡೂ ಚಕ್ರಗಳ ಒಳಬದಿಯಲ್ಲಿ, ಕೆಳಗೆ, ಟ್ರನ್ನಿಯನ್ ಎಂಬ ಕಂಚಿನ ಭಾಗವಿದೆ. ಚಕ್ರವನ್ನು ಹಿಡಿದಿರುವ ವರ್ಟಿಕಲ್ ಲಿಂಕ್ ಎಂಬ ಉಕ್ಕಿನ ಕಂಬ ಅದರೊಳಗೆ ಮರೆಯ (ತಿರುಪಿನ ಸುರುಳಿಗೆರೆ, ಅಂದರೆ ಥ್ರೆಡ್) ಮೇಲೆ ತಿರುಗುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯೇ ತಿರುಗುವುದು. ಇದಕ್ಕೆ ಹಾಕಬೇಕಾದ್ದು ಗ್ರೀಸ್ ಅಲ್ಲ, ಗೇರ್ ಆಯಿಲ್, ಅಂದರೆ ಇಪಿ 90. ಗ್ರೀಸ್ ಮರೆಯ ತಳದವರೆಗೆ ಇಳಿಯದೆ ಮೇಲೆಯೇ ಗಟ್ಟಿಯಾಗುತ್ತದೆ. ಕೆಳಗೆ ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ, ಕೊನೆಗೊಂದು ದಿನ ಲಿಂಕ್ ಮುರಿದು ಚಕ್ರ ಮಡಿಚಿಕೊಳ್ಳುತ್ತದೆ. ಇದು ನನಗೆ ಕೇಳಿ ಗೊತ್ತಿರುವ ಮಾತಲ್ಲ. ಇದೇ ಬಗೆಯ ಟ್ರನ್ನಿಯನ್ ಇದ್ದ ನನ್ನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಗ್ಯಾರೇಜೊಂದರಲ್ಲಿ ವರ್ಷಗಟ್ಟಲೆ ಗ್ರೀಸನ್ನೇ ತುಂಬಿದ್ದರು. ಮನೆಯ ಗೇಟಿನಿಂದ ಹೊರಳಿಸುತ್ತಿದ್ದಾಗ, ನಡಿಗೆಯ ವೇಗದಲ್ಲಿ, ಎಡಚಕ್ರ ಒಳಕ್ಕೆ ಮಡಿಚಿ ಕಾರು ಮೊಣಕಾಲೂರಿ ಕುಳಿತಿತು. ಅದೇ ಹುಣಸೂರು ರಸ್ತೆಯಲ್ಲಿ ಆಗಿದ್ದರೆ ಈ ಅಂಕಣವನ್ನು ಬೇರೆಯವರು ಬರೆಯುತ್ತಿದ್ದರು.

ಕಾರನ್ನು ಜಾಕ್ ಮಾಡಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟ್ರನ್ನಿಯನ್ ಬಿಚ್ಚಿಸಿ. ಮರೆಯ ಮೇಲೆ ತುಕ್ಕಿನ ಗುಳಿ ಅಥವಾ ಸವೆತ ಕಂಡರೆ ಲಿಂಕನ್ನೇ ಬದಲಿಸಬೇಕು. ಬೆಸುಗೆ ಹಾಕಿ ಮರೆ ಕೊರೆದುಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ಬುಷ್, ಪಿನ್ನುಗಳಂತಹ ಕೆಲಸಕ್ಕೆ ಮಾತ್ರ ಲೇತ್ ಸಾಕು. ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮಾದರಿ ತೋರಿಸಿದರೆ ಅಳತೆ ಹಿಡಿದು ಕಡೆದುಕೊಡುವ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್‌ನ ಚಾಸಿಯ ಆಧಾರದ ಮೇಲೆ, ಮತ್ತು ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿಯೇ ತಯಾರಾಗುತ್ತಿತ್ತು. ಆದ್ದರಿಂದ ಕೆಲವು ಭಾಗಗಳಿಗೆ ಇಂಗ್ಲೆಂಡಿಗೆ ಪತ್ರ ಬರೆಯುವ ಮೊದಲು ಹಳೆಯ ಹೆರಾಲ್ಡ್ ಮಾಲೀಕರನ್ನು ವಿಚಾರಿಸಿ. ಜೋಡಿಸಿದ ಮೇಲೆ ಗ್ರೀಸ್ ಗನ್ನಿಗೆ ಗೇರ್ ಆಯಿಲ್ ತುಂಬಿಸಿ, ಮೇಲಿನಿಂದ ಎಣ್ಣೆ ಜಿನುಗುವವರೆಗೂ ಒತ್ತಿಸಿ. ನಾನು ಇದನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರೆಯ ಹೊತ್ತಿಗೆ ಇನ್ನೊಮ್ಮೆ ಮಾಡುತ್ತೇನೆ.

ಬೆಟ್ಟದ ತಿರುವಿನಲ್ಲಿ ಹಿಂಭಾಗ ಏಳುವುದು ದೋಷಕ್ಕಿಂತ ಹೆಚ್ಚಾಗಿ ಈ ಕಾರಿನ ಹುಟ್ಟುಗುಣ. ಹಿಂದಿನ ಎರಡು ಚಕ್ರಗಳು ಅಡ್ಡಲಾಗಿ ಕೂರಿಸಿದ ಒಂದೇ ಲೀಫ್ ಸ್ಪ್ರಿಂಗಿಗೆ ಅಂಟಿಕೊಂಡಿವೆ, ಮತ್ತು ಆಕ್ಸಲ್ ಒಳತುದಿಯಲ್ಲಿ ಮಾತ್ರ ಮಡಿಚುತ್ತದೆ. ವೇಗವಾಗಿ ತಿರುವಿಗೆ ನುಗ್ಗಿ, ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೆದ್ದು ಹೊರಗಿನ ಚಕ್ರ ಒಳಕ್ಕೆ ವಾಲುತ್ತದೆ, ಹಿಡಿತ ಥಟ್ಟನೆ ತಪ್ಪುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಗೇರ್ ಇಳಿಸಿ, ತಿರುವಿನೊಳಗೆ ಕಾಲನ್ನು ಆಕ್ಸಿಲರೇಟರಿನ ಮೇಲೆ ಹಗುರವಾಗಿ ಇರಿಸಿ. ಮಾರ್ಪಾಡು ಮಾಡಲೇಬೇಕೆಂಬ ಆಸೆ ನಿಮಗಿದ್ದರೆ ಅದಕ್ಕೆ ಜಾಗ ಇದು: 1970ರಲ್ಲಿ ಬಂದ ಮಾರ್ಕ್ 4ರಲ್ಲಿ ಕಂಪನಿಯೇ ಈ ಸ್ಪ್ರಿಂಗನ್ನು ಬದಲಿಸಿ, ಬಹುತೇಕ ಪಟ್ಟಿಗಳು ನಡುವೆ ತೂಗುವಂತೆ ಮಾಡಿತು, ಜೊತೆಗೆ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಮುಂದಿನ ಸರಳು, ಅಂದರೆ ಆ್ಯಂಟಿ ರೋಲ್ ಬಾರ್, ದಪ್ಪವಾಯಿತು. ಆ ಎರಡನ್ನೂ ಒಟ್ಟಿಗೇ ಹಾಕಿಸಬೇಕು. ಹಳೆಯವನ್ನು ಎಸೆಯದೆ ಎಣ್ಣೆ ಸವರಿ ಗೋಣಿಯಲ್ಲಿ ಕಟ್ಟಿಡಿ.

ಎಂಜಿನ್ನಿನ ಬಗ್ಗೆ ನೀವು ಕೇಳದ ಒಂದು ಮಾತನ್ನು ನಾನೇ ಹೇಳಬೇಕು. ಬಾನೆಟ್ ಎತ್ತಿ, ಮನೆಯವರೊಬ್ಬರನ್ನು ಕೂರಿಸಿ ಕ್ಲಚ್ ಒತ್ತಿಸಿ ಬಿಡಿಸಿ, ನೀವು ಮುಂದೆ ನಿಂತು ಎಂಜಿನ್ನಿನ ಮುಂತುದಿಯಲ್ಲಿ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯನ್ನು ನೋಡಿ. ಅದು ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಸರಿದರೆ ಕ್ರ್ಯಾಂಕ್ ಹಾಗೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ ಎಂದರ್ಥ. ಸುಮಾರು 0.1ರಿಂದ 0.2 ಮಿಲಿಮೀಟರ್ ಸರಿದಾಟ ಮಾತ್ರ ಇರಬೇಕು. ಅರ್ಧಚಂದ್ರಾಕಾರದ ಆ ಎರಡು ತುಂಡುಗಳು ಕಳಚಿ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ಗೆ, ಬಿದ್ದರೆ ಕ್ರ್ಯಾಂಕ್ ಬ್ಲಾಕನ್ನೇ ಕೊರೆಯುತ್ತದೆ, ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿಯಾಗಿಬಿಡುತ್ತದೆ. ಎಂಜಿನ್ ಕೆಳಗಿಳಿಸದೆ, ಸಂಪ್ ಮತ್ತು ಹಿಂದಿನ ಬೇರಿಂಗ್ ಕ್ಯಾಪ್ ಬಿಚ್ಚಿ ಅವನ್ನು ಬದಲಿಸಬಹುದು. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿಕೊಂಡೇ ಕಾಯುವ ಅಭ್ಯಾಸವಿದ್ದರೆ ಬಿಡಿ.

ಎಂಜಿನ್ ಬದಲಾವಣೆಗೆ ಸಂಬಂಧಿಸಿದ ಕಾನೂನಿನ ಮಾತು ಕೊನೆಯದು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಪ್ರಶ್ನೆ: ನನ್ನ 1970ರ ಎಂಜಿ ಮಿಜೆಟ್ ಇತ್ತೀಚೆಗೆ ಪೆಟ್ರೋಲ್ ವಾಸನೆ ಬೀರುತ್ತಿದೆ, ಆಕ್ಸಿಲರೇಟರ್ ಒತ್ತಿದಾಗ ತಡವರಿಸುತ್ತದೆ. ಬಂಕಿನ ಈಗಿನ ಪೆಟ್ರೋಲೇ ಕಾರಣವೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಹೌದೆಂದೇ ತೋರುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇದೆ. ಕಬ್ಬಿನ ಜಿಲ್ಲೆಯವರಾದ ನಿಮಗೆ ಅದನ್ನು ಬೈಯಲು ಮನಸ್ಸು ಬಾರದಿರಬಹುದು, ಆದರೆ ಹಳೆಯ ರಬ್ಬರಿಗೆ ಅದು ಶತ್ರು. ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ಪ್ರತಿಯೊಂದು ಹೋಸನ್ನೂ ಎಥೆನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಿಸಿ. ಹಳೆಯದನ್ನು ಬೆರಳಿನಲ್ಲಿ ಬಗ್ಗಿಸಿ ನೋಡಿದರೆ ಬಿರುಕುಗಳು ತಾನೇ ಕಾಣಿಸುತ್ತವೆ. ಎಥೆನಾಲ್ ನೀರನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವಾಗ ಹಳೆಯ ಪೆಟ್ರೋಲನ್ನು ಟ್ಯಾಂಕಿನಲ್ಲಿ ಉಳಿಸಬೇಡಿ.

ತಡವರಿಕೆಗೆ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗಿರುವುದು, ಅಂದರೆ ಅದರಲ್ಲಿ ಪೆಟ್ರೋಲ್ ಕಡಿಮೆಯಾಗಿರುವುದು, ಕಾರಣವಿರಬಹುದು. ಎಂಜಿನ್ ಬಿಸಿಯಾದ ಮೇಲೆ ನಿಮ್ಮ ಕಾರಿನ ಎಸ್‌ಯು ಕಾರ್ಬೊರೇಟರಿನ ಪಕ್ಕದ ಪುಟ್ಟ ಪಿನ್ನಿನಿಂದ ಅದರೊಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟು ಎತ್ತಿ. ಎಂಜಿನ್ನಿನ ವೇಗ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿಯಿದೆ, ಏರಿ ಹಾಗೆಯೇ ಉಳಿದರೆ ಪೆಟ್ರೋಲ್ ಹೆಚ್ಚಾಗಿದೆ, ಮುಗ್ಗರಿಸಿದರೆ ಕಡಿಮೆಯಾಗಿದೆ. ಕಡಿಮೆಯಿದ್ದರೆ ಕೆಳಗಿನ ಜೆಟ್ ನಟ್ಟನ್ನು ಅದರ ಆರು ಮುಖಗಳಲ್ಲಿ ಒಂದು ಮುಖದಷ್ಟು ಮಾತ್ರ ಕೆಳಗಿಳಿಸಿ, ಮತ್ತೆ ಪರೀಕ್ಷಿಸಿ. ಎರಡೂ ಕಾರ್ಬೊರೇಟರ್‌ಗಳಿಗೆ ಹೀಗೆಯೇ ಮಾಡಿ. ಕಾರ್ಬೊರೇಟರಿನ ಮೇಲ್ತುದಿಯ ಡ್ಯಾಶ್‌ಪಾಟ್ ಎಂಬ ಪುಟ್ಟ ಕೋಶದಲ್ಲಿ ಎಣ್ಣೆ ಬತ್ತಿದ್ದರೂ ಇದೇ ತೊಂದರೆ ಬರುವುದರಿಂದ ಮೊದಲು ಅದನ್ನು ನೋಡಿ.

ಪ್ರಶ್ನೆ: ಐವತ್ತು ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಪಡೆದರೆ ದಿನವೂ ಕಚೇರಿಗೆ ಓಡಿಸಬಹುದೆ?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಇಲ್ಲ. 2021ರ ನಿಯಮದಂತೆ ಮೂಲ ರೂಪದಲ್ಲಿರುವ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷದ ನೋಂದಣಿಯೂ 'ವಿಎ' ಅಕ್ಷರಗಳಿರುವ ಸಂಖ್ಯೆಯೂ ಸಿಗುತ್ತವೆ, ಆದರೆ ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ನಿರ್ವಹಣೆಗೆ ಮಾತ್ರ ರಸ್ತೆಗಿಳಿಸಬಹುದು. ಕಚೇರಿಗೆ ಹೋಗುವುದೇ ಮುಖ್ಯವೆಂದಾದರೆ ಈಗಿರುವ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಿ.